ಕೊಟ್ಟಿಗೆಯಿಂದ ಹೃದಯಕ್ಕೆ

ಬೇಸಗೆಯ ರಜೆಯಲ್ಲಿ ಮುಂಬಯಿಯ ಕನ್ನಡಿಗರು ಊರಿಗೆ ತೆರಳುವುದು ವಾಡಿಕೆ. ಅಲ್ಲಿ ಹಾಲನ್ನು ಕಾಯಿಸದೆ ಕುಡಿಯುವುದನ್ನಾಗಲಿ, ಹಸು ಈಯುವಾಗ ಬರಿಗೈಯಿಂದ ನೆರವಾಗುವುದನ್ನಾಗಲಿ ಯಾರೂ ಅಪಾಯವೆಂದು ಬಗೆಯುವುದಿಲ್ಲ. ಆದರೆ ರೋಗ ತಗಲಿದ ದನ, ಎಮ್ಮೆ, ಆಡು, ಕುರಿಗಳಿಂದ ಬ್ರೂಸೆಲ್ಲಾ ಎಂಬ ಸೂಕ್ಷ್ಮಾಣು ಈ ದಾರಿಗಳಿಂದಲೇ ಮನುಷ್ಯನನ್ನು ಸೇರುತ್ತದೆ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಡೇವಿಡ್ ಬ್ರೂಸ್ ಇದನ್ನು ಕಂಡುಹಿಡಿದರು. ನಮ್ಮ ವಿಜಯಪುರ ಸೀಮೆಯಲ್ಲಿಯೂ ವೈದ್ಯರು ಈ ಜ್ವರವನ್ನು ಗುರುತಿಸಿದ್ದಾರೆ.

ಬಿಟ್ಟುಬಿಟ್ಟು ಬರುವ ಜ್ವರ, ಬೆವರು, ಕೀಲುನೋವು ಇದರ ಲಕ್ಷಣಗಳು. ನೂರು ರೋಗಿಗಳಲ್ಲಿ ಒಬ್ಬಿಬ್ಬರಿಗೆ ಮಾತ್ರ ಇದು ಹೃದಯದ ಕವಾಟವನ್ನು ಹಿಡಿಯುತ್ತದೆ. ಆದರೆ ಈ ರೋಗದಿಂದಾಗುವ ಸಾವುಗಳಲ್ಲಿ ಹೆಚ್ಚಿನವು ಅದರಿಂದಲೇ. ತಿಂಗಳುಗಟ್ಟಲೆ ಔಷಧಿ, ಅನೇಕ ವೇಳೆ ಕವಾಟ ಬದಲಿಸುವ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ.

ಈ ಸೂಕ್ಷ್ಮಾಣು ನಿಧಾನವಾಗಿ ಬೆಳೆಯುವುದರಿಂದ ರಕ್ತವನ್ನು ಪ್ರಯೋಗಶಾಲೆಗೆ ಕೊಟ್ಟರೂ ಬೇಗನೆ ಪತ್ತೆಯಾಗದು. ಕೊಟ್ಟಿಗೆಯ ಸಂಗತಿ ತಿಳಿಯದ ಮುಂಬಯಿಯ ವೈದ್ಯರಿಗೆ ಮಲೇರಿಯ, ಕ್ಷಯಗಳೇ ಮೊದಲು ನೆನಪಾಗುವುದು ಸಹಜ.

ಆದುದರಿಂದ ಊರಿನ ಹಾಲಾಗಲಿ, ಜೋಗೇಶ್ವರಿಯ ತಬೇಲೆಯ ಹಾಲಾಗಲಿ, ಉಕ್ಕುವಂತೆ ಕಾಯಿಸಿಯೇ ಕುಡಿಯತಕ್ಕದ್ದು. ವಾರ ಕಳೆದರೂ ಜ್ವರ ಬಿಡದಿದ್ದರೆ, ಅದರಲ್ಲಿಯೂ ಕವಾಟದ ದೋಷ ಮೊದಲೇ ಇದ್ದವರು, “ಊರಿನಲ್ಲಿ ಹಸಿ ಹಾಲು ಕುಡಿದಿದ್ದೆ” ಎಂಬ ಒಂದು ಮಾತನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಆ ಒಂದು ಮಾತು ಜೀವವನ್ನು ಉಳಿಸೀತು.