ಮಾಲ್ಟಾ ದ್ವೀಪದ ಮಿಲ್ ನಾಣ್ಯಗಳು

ನಾಣ್ಯಸಂಗ್ರಹದಲ್ಲಿ ಆಸಕ್ತರಾದವರು ಸಾಮಾನ್ಯವಾಗಿ ಚಿನ್ನಬೆಳ್ಳಿಗಳಿಗೇ ಮೊದಲ ಮಣೆ ಹಾಕುವರು. ಆದರೆ ಅಲ್ಪಮೂಲ್ಯದ ನಾಣ್ಯಗಳೂ ಇತಿಹಾಸಕ್ಕೆ ಪ್ರಮಾಣಗಳಾಗಬಲ್ಲುವೆಂಬುದಕ್ಕೆ ಭೂಮಧ್ಯಸಮುದ್ರದ ಮಾಲ್ಟಾ ದ್ವೀಪರಾಷ್ಟ್ರದ ಮೂರು ಅಲ್ಯೂಮಿನಿಯಂ ನಾಣ್ಯಗಳು ನಿದರ್ಶನವಾಗಿರುವುವು.

1964ರಲ್ಲಿ ಸ್ವತಂತ್ರವಾದ ಈ ರಾಷ್ಟ್ರವು 1972ರಲ್ಲಿ ದಶಮಾಂಶಪದ್ಧತಿಯನ್ನು ಅವಲಂಬಿಸಿತು. ಅದಕ್ಕೆ ಮುಂಚೆ ಪೌಂಡೊಂದಕ್ಕೆ 240 ಪೆನ್ಸುಗಳು. ಆಮೇಲೆ 100 ಸೆಂಟುಗಳು, ಸೆಂಟೊಂದಕ್ಕೆ 10 ಮಿಲ್‌ಗಳು. ಆಗ 2, 3, 5 ಮಿಲ್‌ಗಳ ನಾಣ್ಯಗಳನ್ನು ಅಚ್ಚುಹಾಕಿದರೇ ಹೊರತು 1 ಮಿಲ್‌ನ ನಾಣ್ಯವನ್ನು ಮಾಡಲಿಲ್ಲ. ಅದರ ಆವಶ್ಯಕತೆಯೂ ಇರಲಿಲ್ಲ. ಎರಡು ಎರಡು ಕೂಡಿ 4, ಮೂರು ಮೂರು ಕೂಡಿ 6, ಐದು ಎರಡು ಕೂಡಿ 7. ಹೀಗೆಯೇ ಮುಂದಿನ ಸಂಖ್ಯೆಗಳು. ಒಂದೇ ಮಿಲ್ ಸಲ್ಲಬೇಕಾದೆಡೆಯಲ್ಲಿ ಮೂರನ್ನು ಕೊಟ್ಟು ಎರಡನ್ನು ಹಿಂದಕ್ಕೆ ಪಡೆದರೆ ಲೆಕ್ಕವು ತೀರುವುದು.

ಈ ಮೂರರ ಅಂಚುಗಳೂ ಹೂವಿನ ಎಸಳುಗಳಂತೆ ಅಲೆಯಲೆಯಾಗಿರುವುವು. 2 ಮಿಲ್‌ಗಳ ನಾಣ್ಯದಲ್ಲಿ ಎಂಟು ಮೊನೆಗಳ ಶಿಲುಬೆಯಿರುವುದು. ಇದು 1530ರಿಂದ 1798ರವರೆಗೆ ದ್ವೀಪವನ್ನಾಳಿದ ಸಂತ ಯೋಹಾನನ ವೀರಸಂಘದ ಚಿಹ್ನೆ. 5 ಮಿಲ್‌ಗಳದರಲ್ಲಿ ಮಣ್ಣಿನ ದೀಪಸ್ತಂಭವೂ, 3 ಮಿಲ್‌ಗಳದರಲ್ಲಿ ಜೇನುಹುಟ್ಟಿನ ಮೇಲೆ ಕುಳಿತ ಜೇನುನೊಣವೂ ಇರುವುವು. ದ್ವೀಪದ ಪ್ರಾಚೀನ ನಾಮವಾದ ‘ಮೆಲಿತೆ’ ಎಂಬುದು ಜೇನೆಂಬರ್ಥದ ‘ಮೆಲಿ’ ಎಂಬ ಗ್ರೀಕ್ ಶಬ್ದದಿಂದ ಬಂದಿತೆಂದು ಕೆಲವರ ಮತ. ಆಶ್ರಯಸ್ಥಾನವೆಂಬರ್ಥದ ಫಿನಿಷಿಯನ್ ಶಬ್ದವೇ ಮೂಲವೆಂದು ಮತ್ತೆ ಕೆಲವರ ಮತ. ‘ಮಿಲ್’ ಎಂಬುದಾದರೋ ಸಾವಿರವೆಂಬರ್ಥದ ಲ್ಯಾಟಿನ್ ಶಬ್ದದಿಂದ ಹುಟ್ಟಿದುದು. ಆದಕಾರಣ ‘ಮೆಲಿ’, ‘ಮಿಲ್’ಗಳ ಧ್ವನಿಸಾಮ್ಯವನ್ನು ನೋಡಿ ಭ್ರಮಿಸಲಾಗದು.

1986ರ ಹೊಸ ಮಾಲೆಯಲ್ಲಿ ಮಿಲ್ ನಾಣ್ಯಗಳಿಗೆ ಎಡೆ ದೊರೆಯಲಿಲ್ಲ. 2008ರಲ್ಲಿ ದೇಶವು ಯೂರೋ ನಾಣ್ಯಪದ್ಧತಿಯನ್ನು ಸ್ವೀಕರಿಸಿದಾಗ ಒಂದು ವಿಪರ್ಯಾಸವು ನಡೆಯಿತು. ಹಿಂದೆ ಅತ್ಯಲ್ಪವಾದ 2 ಮಿಲ್‌ಗಳ ಮೇಲಿದ್ದ ಶಿಲುಬೆಯು ಅತ್ಯಧಿಕ ಮೂಲ್ಯದ 1, 2 ಯೂರೋಗಳನ್ನೇರಿತು. ಪ್ರಾಚೀನ ಶಿಲಾದೇವಾಲಯವಾದ ಮ್ನೈದ್ರದ ಬಲಿಪೀಠವು 1, 2, 5 ಸೆಂಟುಗಳಿಗೆ ಲಾಂಛನವಾಯಿತು. ಲಾಂಛನದ ಗೌರವವು ನಾಣ್ಯದ ಬೆಲೆಯನ್ನನುಸರಿಸದೆಂಬುದು ಇದರಿಂದ ಸ್ಪಷ್ಟವಾಗುವುದು. ಚಿಲ್ಲರೆಯೆಂದು ಮಿಲ್‌ಗಳನ್ನು ಕೈಬಿಟ್ಟ ಸಂಗ್ರಾಹಕನಿಗೆ ಈ ಸ್ಥಾನಪಲ್ಲಟವು ಗೋಚರವಾಗದು.

ಅಲ್ಯೂಮಿನಿಯಂ ಮೃದುವಾದ ಲೋಹ. ಹುಣಿಸೆಹಣ್ಣು, ಬೂದಿಗಳಿಂದ ತಿಕ್ಕಿದರೆ ಅದರ ಸಹಜಕಾಂತಿಯು ಅಳಿದು ಗೀರುಗಳುಳಿಯುವುವು. ಅಂಚಿನಲ್ಲಿ ಹಿಡಿದು, ಒಣಗಿದ ಸ್ಥಳದಲ್ಲಿ ಬೇರೆ ಬೇರೆಯಾಗಿ ಇರಿಸುವುದೇ ಯುಕ್ತವು. ವ್ಯವಹಾರದಲ್ಲಿ ಬೆಲೆಯು ತೀರಿದ ಬಳಿಕ ಇಂತಹ ನಾಣ್ಯಗಳಿಗೆ ರಕ್ಷಕರು ಸಂಗ್ರಾಹಕರೇ ಸರಿ.