ಆನುವಂಶಿಕತೆಯ ಬೋಧನೆಯಲ್ಲಿ ಕುಡಗೋಲು ಕಣದ ನಿದರ್ಶನ

ಡಿ.ಎನ್.ಎ.ಯನ್ನು ಪರಿಚಯಿಸುವ ತರಗತಿಗಳಲ್ಲಿ ಬಾಳೆಹಣ್ಣಿನ ತಿರುಳನ್ನು ಉಪ್ಪು ಮತ್ತು ಸಾಬೂನಿನ ದ್ರಾವಣದೊಡನೆ ಕಲಸಿ, ಸೋಸಿ, ತಣ್ಣನೆಯ ಮದ್ಯಸಾರವನ್ನು ಸುರಿದು, ತೇಲಿಬರುವ ಬಿಳಿಯ ಎಳೆಗಳನ್ನು ತೋರಿಸುವುದು ವಾಡಿಕೆ. ಪ್ರಯೋಗವು ಮನೋಹರವಾದುದೇ ಸರಿ. ಆದರೆ ಅದು ವಸ್ತುವನ್ನು ತೋರಿಸುತ್ತದೆಯೇ ಹೊರತು, ಗುಣವೊಂದು ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬರುವ ಬಗೆಯನ್ನು ತೋರಿಸಲಾರದು. ಮೆಂಡೆಲನ ಬಟಾಣಿಯ ಪಾಠವಾದರೋ ಅನುಪಾತಗಳನ್ನು ಕಲಿಸಿ ಅಲ್ಲಿಗೇ ನಿಲ್ಲುತ್ತದೆ. ಇವೆರಡನ್ನೂ ಬೆಸೆಯಬಲ್ಲ ನಿದರ್ಶನವೆಂದರೆ, ಆಸ್ಪತ್ರೆಗಳಲ್ಲಿ ಸಿಕಲ್ ಸೆಲ್ ಎಂದು ಕರೆಯುವ ಕುಡಗೋಲು ಕಣ ರಕ್ತಹೀನತೆ.

ಕೊಡಗಿನ ಶಿಕ್ಷಕರಿಗೆ ಈ ನಿದರ್ಶನವು ದೂರದ್ದಲ್ಲ. 1952ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಗಿರಿಜನರಲ್ಲಿ ಈ ಗುಣವಿರುವುದನ್ನು ಪ್ರಕಟಿಸಿದರು. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಯೋಜನೆಯಲ್ಲಿ ಕರ್ನಾಟಕವೂ ಸೇರಿದೆ. ಕುಶಾಲನಗರದ ಸಮೀಪದಲ್ಲಿ, ದುಬಾರೆಯೇ ಮೊದಲಾದ ಕಾಡಂಚಿನಲ್ಲಿ, ಗಿರಿಜನರ ಹಾಡಿಗಳಿವೆ. ಆದುದರಿಂದ ಅಲ್ಲಿನ ತರಗತಿಯೊಂದರಲ್ಲಿ, ರಕ್ತಪರೀಕ್ಷೆಯ ಕಾರ್ಡನ್ನು ಕೈಯಲ್ಲಿ ಹಿಡಿದ ವಿದ್ಯಾರ್ಥಿಯೇ ಕುಳಿತಿರಬಹುದು. ಆ ಕಾರ್ಡಿನ ಬರಹವನ್ನು ಆತನು ಸರಿಯಾಗಿ ತಿಳಿಯುವಂತೆ ಮಾಡುವುದು ಬೋಧನೆಯ ಹೊಣೆಯೆಂದು ನಾವು ಭಾವಿಸುತ್ತೇವೆ.

ಮೊದಲು ಅಣುವಿನ ವಿಚಾರ. ಹೀಮೋಗ್ಲೋಬಿನ್ನಿನ ಬೀಟಾ ಸರಪಣಿಯಲ್ಲಿ 146 ಅಮೈನೋ ಆಮ್ಲಗಳಿವೆ. ಅದರ ಜೀನು 11ನೆಯ ವರ್ಣತಂತುವಿನಲ್ಲಿದೆ. 6ನೆಯ ಅಮೈನೋ ಆಮ್ಲವನ್ನು ಸೂಚಿಸುವ ಜಿ.ಎ.ಜಿ. ಎಂಬ ತ್ರಯದಲ್ಲಿ, ನಡುವಣ ಅಡಿನೀನಿನ ಸ್ಥಾನಕ್ಕೆ ಥೈಮೀನು ಬಂದರೆ ಗ್ಲುಟಾಮಿಕ್ ಆಮ್ಲಕ್ಕೆ ಬದಲಾಗಿ ವ್ಯಾಲೀನು ಸೇರುತ್ತದೆ. ಇಂತಹ ಹೀಮೋಗ್ಲೋಬಿನ್ ಅಣುಗಳು ಆಮ್ಲಜನಕವನ್ನು ಬಿಟ್ಟುಕೊಟ್ಟೊಡನೆ ಒಂದಕ್ಕೊಂದು ಅಂಟಿ ಎಳೆಗಳಾಗುತ್ತವೆ. ಕೆಂಪು ರಕ್ತಕಣವು ಕುಡಗೋಲಿನಂತೆ ಬಾಗುತ್ತದೆ. ಬಾಗಿದ ಕಣಗಳು ಕಿರಿಯ ರಕ್ತನಾಳಗಳಲ್ಲಿ ಸಿಲುಕಿ ತೀವ್ರವಾದ ನೋವನ್ನುಂಟುಮಾಡುತ್ತವೆ. ಬೇಗನೆ ಒಡೆದು ರಕ್ತಹೀನತೆಗೆ ಕಾರಣವಾಗುತ್ತವೆ. 1949ರಲ್ಲಿ ಪಾಲಿಂಗ್ ಮತ್ತು ಆತನ ಸಹೋದ್ಯೋಗಿಗಳು ಇದನ್ನು ಅಣುವಿನ ರೋಗವೆಂದು ತೋರಿಸಿದರು. ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸವನ್ನು 1957ರಲ್ಲಿ ಇನ್‌ಗ್ರಾಮ್ ಖಚಿತಪಡಿಸಿದನು. ಡಿ.ಎನ್.ಎ.ಯ ಒಂದಕ್ಷರದಿಂದ ದೇಹದ ನೋವಿನವರೆಗಿನ ದಾರಿಯನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ಉದಾಹರಣೆಗಳು ವಿರಳ.

ಇನ್ನು ಇಳಿದುಬರುವ ಬಗೆ. ಪ್ರತಿಯೊಬ್ಬರಿಗೂ ಈ ಜೀನಿನ ಎರಡು ಪ್ರತಿಗಳಿರುತ್ತವೆ. ಒಂದು ತಂದೆಯಿಂದ, ಮತ್ತೊಂದು ತಾಯಿಯಿಂದ. ಎರಡೂ ಬದಲಾದವುಗಳಾಗಿದ್ದರೆ ರೋಗ. ಒಂದು ಮಾತ್ರ ಬದಲಾಗಿದ್ದರೆ ಆ ವ್ಯಕ್ತಿ ವಾಹಕ. ವಾಹಕನು ಸಾಮಾನ್ಯವಾಗಿ ಆರೋಗ್ಯವಂತನೇ ಆಗಿರುತ್ತಾನೆ. ತಂದೆತಾಯಿಗಳಿಬ್ಬರೂ ವಾಹಕರಾದರೆ, ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು, ವಾಹಕವಾಗುವ ಸಂಭವ ನಾಲ್ಕರಲ್ಲಿ ಎರಡು.

ಈ ಮಾತನ್ನು ವಿದ್ಯಾರ್ಥಿಗಳು ತಪ್ಪಾಗಿ ಗ್ರಹಿಸುವುದುಂಟು. ಮೊದಲನೆಯ ಮಗುವಿಗೆ ರೋಗ ಬಂದುದರಿಂದ ಮುಂದಿನ ಮೂವರೂ ಪಾರಾದರೆಂದು ಎಣಿಸುವುದು ಅಪಾಯಕರ. ಇದನ್ನು ತಿದ್ದಲು ಎರಡು ಬಟ್ಟೆಯ ಚೀಲಗಳು ಸಾಕು. ಒಂದೊಂದರಲ್ಲಿಯೂ ಒಂದು ಬಿಳಿಯ ಹಾಗೂ ಒಂದು ಕೆಂಪು ಅಲಸಂದೆ ಕಾಳನ್ನು, ಗಾತ್ರದಲ್ಲಿ ಸಮನಾಗಿರುವಂತೆ ಆರಿಸಿ ಹಾಕಬೇಕು. ವಿದ್ಯಾರ್ಥಿಯು ನೋಡದೆ ಎರಡೂ ಚೀಲಗಳಿಂದ ಒಂದೊಂದು ಕಾಳನ್ನು ತೆಗೆದು, ಬಣ್ಣಗಳನ್ನು ಬರೆದುಕೊಂಡು, ಕಾಳುಗಳನ್ನು ಮರಳಿ ಹಾಕಬೇಕು. ನಾಲ್ಕು ಸಲ ತೆಗೆದವರಲ್ಲಿ ಕೆಲವರಿಗೆ ಕೆಂಪಿನ ಜೋಡಿ ಬಾರದೆ ಇರಬಹುದು; ಮತ್ತೆ ಕೆಲವರಿಗೆ ಎರಡು ಸಲ ಬರಬಹುದು. ಇಡೀ ತರಗತಿಯ ಲೆಕ್ಕವನ್ನು ಕೂಡಿಸಿದಾಗ ಮಾತ್ರ ಅನುಪಾತವು 1:2:1ರ ಸಮೀಪಕ್ಕೆ ಬರುತ್ತದೆ. ಕಾಳನ್ನು ಮರಳಿ ಹಾಕುವ ಕ್ರಿಯೆಯಲ್ಲಿಯೇ ಪಾಠದ ತಿರುಳಿದೆ: ಪ್ರತಿಯೊಂದು ಜನನವೂ ಹಿಂದಿನದರ ಹಂಗಿಲ್ಲದೆ ನಡೆಯುತ್ತದೆ.

ಕೊನೆಯದಾಗಿ, ಈ ಜೀನು ಯಾವುದೊಂದು ಕುಲದ ಕಳಂಕವಲ್ಲವೆಂಬುದನ್ನು ಒತ್ತಿ ಹೇಳಬೇಕು. ಆಫ್ರಿಕ, ಅರಬ್ ನಾಡು, ಮೆಡಿಟರೇನಿಯನ್ ತೀರಗಳಲ್ಲಿಯೂ ಇದು ಉಂಟು. ವಾಹಕರಿಗೆ ತೀವ್ರ ಮಲೇರಿಯದಿಂದ ರಕ್ಷಣೆ ದೊರೆಯುವುದರಿಂದ, ಮಲೇರಿಯ ಪೀಡಿತ ಪ್ರದೇಶಗಳಲ್ಲಿ ಇದು ತಲೆಮಾರುಗಳವರೆಗೆ ಉಳಿದುಬಂದಿತು. ತರಗತಿಯಲ್ಲಿ ಯಾರ ಕಾರ್ಡನ್ನೂ ಕೇಳಬಾರದು, ಯಾವ ಸಮುದಾಯವನ್ನೂ ಬೆರಳಿಟ್ಟು ತೋರಿಸಬಾರದು. ವಾಹಕನೆಂದರೆ ರೋಗಿಯಲ್ಲ, ವಿವಾಹಕ್ಕೆ ಮುನ್ನ ಇಬ್ಬರೂ ಪರೀಕ್ಷೆ ಮಾಡಿಸಿಕೊಳ್ಳುವುದು ವಿವೇಕ ಎಂಬ ಎರಡು ತಿಳಿವಳಿಕೆಗಳು ವಿದ್ಯಾರ್ಥಿಯೊಡನೆ ಮನೆಗೆ ಹೋದರೆ, ಪಾಠವು ಸಾರ್ಥಕವಾಯಿತೆಂದು ತಿಳಿಯಬಹುದು.