ಬೆಲೆ ಏರಿದೆ: ಕೇಳಿದವರು ಯಾರು, ಒಪ್ಪಿದವರು ಯಾರು?

ಬೆಲೆ ಏರಿಕೆಯ ಸುದ್ದಿ ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ, ಅಂಗಡಿ ಜಗಲಿಗಳಲ್ಲಿ ಕೇಳಿಬರುವುದು ಒಂದೇ ಮಾತು: “ಸರ್ಕಾರ ಏರಿಸಿದೆ, ನಾವೇನು ಮಾಡಲಿಕ್ಕಾಗುತ್ತದೆ?” ಮೀನಿನ ಬೆಲೆ, ತರಕಾರಿಯ ಬೆಲೆ ತಾನಾಗಿ ಏರಿಳಿಯುತ್ತದೆ. ಬೋಟುಗಳು ಕಡಲಿಗೆ ಇಳಿಯದ ಮಳೆಗಾಲದಲ್ಲಿ ಬಂಗುಡೆ ದುಬಾರಿಯಾಗಲು ಯಾರ ಸಹಿಯೂ ಬೇಕಿಲ್ಲ. ಆದರೆ ಹಾಲು, ಕರೆಂಟು, ಬಸ್ಸು, ಅಡುಗೆ ಅನಿಲ, ಅಗತ್ಯ ಔಷಧ ಇವುಗಳ ಸಂಗತಿ ಬೇರೆ. ಇಲ್ಲಿ ಯಾರೋ ಒಬ್ಬರು ಏರಿಕೆ ಬೇಕೆಂದು ಕೇಳಿರುತ್ತಾರೆ, ಇನ್ನೊಬ್ಬರು ಒಪ್ಪಿರುತ್ತಾರೆ, ಹೆಚ್ಚುವರಿ ಹಣ ಒಂದು ಗೊತ್ತಾದ ಕಡೆಗೆ ಹೋಗುತ್ತದೆ. ಈ ಮೂರನ್ನೂ ತಿಳಿಯದೆ ಗೊಣಗಿದರೆ ನಮ್ಮ ದೂರು ಸೇರಬೇಕಾದ ಬಾಗಿಲಿಗೆ ಸೇರುವುದಿಲ್ಲ.

ಕರ್ನಾಟಕದಲ್ಲಿ 2025ರ ವರ್ಷ ಇಂಥ ಏರಿಕೆಗಳ ವರ್ಷವಾಗಿತ್ತು. ಜನವರಿಯಲ್ಲಿ ಬಸ್ಸು, ಫೆಬ್ರವರಿಯಲ್ಲಿ ಬೆಂಗಳೂರಿನ ಮೆಟ್ರೋ, ಏಪ್ರಿಲ್ ಒಂದರಂದು ಹಾಲು, ವಿದ್ಯುತ್ ಮತ್ತು ಡೀಸೆಲ್, ಅದೇ ತಿಂಗಳ ಎರಡನೆಯ ವಾರದಲ್ಲಿ ಅಡುಗೆ ಅನಿಲ. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಒಂದೇ ಸರ್ಕಾರದ ಒಂದೇ ನಿರ್ಧಾರದಂತೆ ಕಾಣುತ್ತದೆ. ಹಾಗಲ್ಲ.

ಹಾಲಿನಿಂದಲೇ ತೊಡಗೋಣ. ನಂದಿನಿ ಹಾಲಿನ ದರ ಏರಿಸಬೇಕೆಂದು ಪ್ರಸ್ತಾವ ಕಳುಹಿಸುವುದು ಕರ್ನಾಟಕ ಹಾಲು ಮಹಾಮಂಡಳಿ. ಒಪ್ಪಿಗೆ ಕೊಡುವುದು ರಾಜ್ಯ ಸರ್ಕಾರ. 2023ರ ಆಗಸ್ಟ್‌ನಲ್ಲಿ ಲೀಟರಿಗೆ 3 ರೂಪಾಯಿ ಏರಿತು. 2024ರ ಜೂನ್‌ನಲ್ಲಿ ಪ್ಯಾಕೆಟ್ಟಿಗೆ 2 ರೂಪಾಯಿ ಏರಿಸಿ, ಬದಲಿಗೆ 50 ಮಿಲಿ ಲೀಟರ್ ಹಾಲು ಹೆಚ್ಚು ಕೊಡಲಾಯಿತು. 42 ರೂಪಾಯಿಯ ನೀಲಿ ಪ್ಯಾಕೆಟ್ 44 ರೂಪಾಯಿ ಆಯಿತು, ಆದರೆ ಅದರಲ್ಲಿ 1050 ಮಿಲಿ ಲೀಟರ್ ಇತ್ತು. 2025ರ ಏಪ್ರಿಲ್‌ನಲ್ಲಿ ಆ ಹೆಚ್ಚುವರಿ 50 ಮಿಲಿಯನ್ನು ತೆಗೆದು, ಒಂದು ಲೀಟರಿನ ಬೆಲೆಯನ್ನು 46 ರೂಪಾಯಿಗೆ ನಿಲ್ಲಿಸಲಾಯಿತು. ಅಂಗಡಿಯಲ್ಲಿ ಕಂಡದ್ದು ಎರಡು ರೂಪಾಯಿಯ ಏರಿಕೆ. ಲೆಕ್ಕ ಹಾಕಿದರೆ ನಾಲ್ಕು.

ಈ ನಾಲ್ಕು ರೂಪಾಯಿ ಪೂರ್ತಿಯಾಗಿ ಹೈನುಗಾರರಿಗೆ ಸೇರಬೇಕು ಎಂಬುದು ಸರ್ಕಾರ ಕೊಟ್ಟ ಕಾರಣ. ಇಲ್ಲಿ ನಾವು ತುಸು ನಿಂತು ಯೋಚಿಸಬೇಕಾಗಿದೆ. ನಮ್ಮ ಓದುಗರಲ್ಲಿ ಹಾಲು ಕೊಳ್ಳುವವರಿದ್ದಾರೆ, ಬೆಳಿಗ್ಗೆ ಎದ್ದು ಡೈರಿಗೆ ಹಾಲು ಹಾಕುವವರೂ ಇದ್ದಾರೆ. ಕುಲಶೇಖರದಲ್ಲಿ ಕೇಂದ್ರ ಕಚೇರಿಯಿರುವ ದಕ್ಷಿಣ ಕನ್ನಡ ಹಾಲು ಒಕ್ಕೂಟ ನಮ್ಮ ಎರಡೂ ಜಿಲ್ಲೆಗಳ ಹೈನುಗಾರರದ್ದೇ ಸಂಸ್ಥೆ. ಹಿಂಡಿಯ ಬೆಲೆ, ಬೈಹುಲ್ಲಿನ ಬೆಲೆ, ಪಶುವೈದ್ಯರ ಖರ್ಚು ಕಳೆದರೆ ಒಂದೆರಡು ಹಸು ಸಾಕುವವರ ಕೈಯಲ್ಲಿ ಉಳಿಯುವುದು ಬಹಳ ಕಡಿಮೆ. ಹಟ್ಟಿ ಖಾಲಿ ಮಾಡಿದ ಮನೆಗಳನ್ನು ನಾವೆಲ್ಲರೂ ಕಂಡಿದ್ದೇವೆ. ಆದ್ದರಿಂದ ಹಾಲಿನ ಬೆಲೆ ಏರಿದ್ದೇ ಅನ್ಯಾಯ ಎಂದು ನಾವು ಹೇಳಲಾರೆವು. ಏರಿದ ಹಣ ಸಂಘದ ಪಾಸ್ ಪುಸ್ತಕದಲ್ಲಿ ನಿಜವಾಗಿಯೂ ಕಾಣಿಸಿಕೊಂಡಿದೆಯೇ ಎಂದು ಹೈನುಗಾರರು ತಮ್ಮ ಸಂಘದ ಮಹಾಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಅವರು ಅದರ ಸದಸ್ಯರು, ಕೇಳುವ ಹಕ್ಕು ಅವರದು.

ತುಪ್ಪದ ಕಥೆ ಹಾಗಲ್ಲ. 2025ರ ಸೆಪ್ಟೆಂಬರ್ 22ರಂದು ಕೇಂದ್ರ ಸರ್ಕಾರ ತುಪ್ಪದ ಮೇಲಿನ ಜಿಎಸ್‌ಟಿಯನ್ನು ಶೇಕಡಾ 12ರಿಂದ 5ಕ್ಕೆ ಇಳಿಸಿದಾಗ ನಂದಿನಿ ತುಪ್ಪ ಲೀಟರಿಗೆ 650 ರೂಪಾಯಿಯಿಂದ 610ಕ್ಕೆ ಇಳಿಯಿತು. ನವೆಂಬರ್ ಮೊದಲ ವಾರದಲ್ಲಿ ಅದೇ ತುಪ್ಪ 700 ರೂಪಾಯಿ ಆಯಿತು. ಕ್ರಿಸ್ಮಸ್ ಕುಸ್ವಾರಿಗೆಂದು ತುಪ್ಪ ಕೊಳ್ಳಲು ಹೋದವರಿಗೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತಾಯಿತು. ಕೊಟ್ಟವರು ಒಬ್ಬರು, ಕಿತ್ತುಕೊಂಡವರು ಇನ್ನೊಬ್ಬರು ಎಂಬುದನ್ನು ಮಾತ್ರ ಮರೆಯಬಾರದು.

ಬಸ್ಸಿನ ವಿಷಯ ಕರಾವಳಿಗೆ ವಿಶೇಷವಾದದ್ದು. 2025ರ ಜನವರಿ 5ರಿಂದ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಟಿಕೆಟ್ ದರ ಶೇಕಡಾ 15ರಷ್ಟು ಏರಿತು. ಒಪ್ಪಿಗೆ ಕೊಟ್ಟದ್ದು ಸಚಿವ ಸಂಪುಟ. ಸರ್ಕಾರಿ ಬಸ್ಸಿನಲ್ಲಿ ಹೋಗುವ ಮಹಿಳೆಯರಿಗೆ ಇದರ ಬಿಸಿ ನೇರವಾಗಿ ತಟ್ಟಲಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ಉಚಿತ. ಆದರೆ ಮಂಗಳೂರು, ಉಡುಪಿ ನಗರಗಳಲ್ಲಿ ಓಡುವ ಹೆಚ್ಚಿನ ಬಸ್ಸುಗಳು ಖಾಸಗಿಯವರವು. ಬಟ್ಟೆ ಅಂಗಡಿಗೆ, ಗೇರುಬೀಜದ ಕಾರ್ಖಾನೆಗೆ, ಮನೆಗೆಲಸಕ್ಕೆ ಹೋಗುವ ನಮ್ಮ ಅಕ್ಕತಂಗಿಯರು ದಿನಕ್ಕೆ ಎರಡು ಬಾರಿ, ಕೆಲವೊಮ್ಮೆ ಬಸ್ಸು ಬದಲಿಸಿ ನಾಲ್ಕು ಬಾರಿ ಹಣ ಕೊಟ್ಟೇ ಪ್ರಯಾಣಿಸುತ್ತಾರೆ. ಉಚಿತ ಪ್ರಯಾಣದ ರಾಜ್ಯದಲ್ಲಿದ್ದೂ ಅದರ ಹೊರಗಿರುವವರು ಇವರು. ಖಾಸಗಿ ಬಸ್ಸಿನ ದರಕ್ಕೂ ಮಿತಿಯಿದೆ. ಮೋಟಾರು ವಾಹನ ಕಾಯ್ದೆಯಂತೆ ಆ ಅಧಿಕಾರ ಸರ್ಕಾರದ್ದು. ಜಿಲ್ಲೆಯಲ್ಲಿ ಬಸ್ಸು, ಆಟೋ ದೂರುಗಳನ್ನು ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಮುಂದೆ ಇಡಬಹುದು. ದೂರಿಗೆ ಟಿಕೆಟ್ಟೇ ಆಧಾರ. ಕೊಡದ ನಿರ್ವಾಹಕರಿಂದ ಕೇಳಿ ಪಡೆಯಬೇಕು.

ಮೆಟ್ರೋ ನಮ್ಮೂರಿನದಲ್ಲ. ಆದರೆ ನಮ್ಮ ಎಷ್ಟೋ ಮನೆಗಳ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ದರ ನಿಗದಿ ಸಮಿತಿಯ ಶಿಫಾರಸಿನಂತೆ 2025ರ ಫೆಬ್ರವರಿ 9ರಂದು ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಪ್ರಯಾಣಿಕರ ಪ್ರತಿಭಟನೆ ಜೋರಾದ ಮೇಲೆ ಅದೇ ವಾರದಲ್ಲಿ ಕೆಲವು ದೂರಗಳ ದರವನ್ನು ಇಳಿಸಲಾಯಿತು. ಗರಿಷ್ಠ ದರ ಮಾತ್ರ 90ರಲ್ಲೇ ಉಳಿಯಿತು.

ಪೆಟ್ರೋಲು ಡೀಸೆಲಿನ ಬೆಲೆಯನ್ನು ಸರ್ಕಾರ ‘ಅನುಮೋದಿಸುವುದಿಲ್ಲ’. 2017ರ ಜೂನ್‌ನಿಂದ ತೈಲ ಕಂಪನಿಗಳು ದಿನದಿನವೂ ಅದನ್ನು ಪ್ರಕಟಿಸುವ ಪದ್ಧತಿ ಬಂದಿದೆ. ಸರ್ಕಾರಗಳ ಕೈಯಲ್ಲಿರುವುದು ತೆರಿಗೆ. 2025ರ ಏಪ್ರಿಲ್‌ನಲ್ಲಿ ರಾಜ್ಯವು ಡೀಸೆಲಿನ ಮಾರಾಟ ತೆರಿಗೆಯನ್ನು ಶೇಕಡಾ 18.44ರಿಂದ 21.17ಕ್ಕೆ ಏರಿಸಿದ್ದರಿಂದ ಲೀಟರಿಗೆ ಸುಮಾರು 2 ರೂಪಾಯಿ ಹೆಚ್ಚಾಯಿತು. ಯಾಂತ್ರಿಕ ಮೀನುಗಾರಿಕಾ ಬೋಟುಗಳಿಗೆ ನಿಗದಿತ ಪ್ರಮಾಣದಲ್ಲಿ ತೆರಿಗೆ ವಿನಾಯಿತಿಯ ಡೀಸೆಲ್ ಸಿಗುತ್ತದೆ. ಆದರೆ ಬಂದರಿನಿಂದ ಮೀನು ಸಾಗಿಸುವ, ಐಸ್ ತರುವ ಲಾರಿಗೆ ಆ ವಿನಾಯಿತಿ ಇಲ್ಲ. ಅಡುಗೆ ಅನಿಲವಂತೂ ಪೂರ್ತಿ ಕೇಂದ್ರದ ವಿಷಯ. 2023ರ ಆಗಸ್ಟ್‌ನಲ್ಲಿ 200 ರೂಪಾಯಿ, 2024ರ ಮಾರ್ಚ್‌ನಲ್ಲಿ 100 ರೂಪಾಯಿ ಇಳಿದಿದ್ದ ಸಿಲಿಂಡರ್ 2025ರ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿತು. ಬಡವರ ಉಜ್ವಲಾ ಸಿಲಿಂಡರಿಗೂ ಅಷ್ಟೇ ಏರಿಕೆ.

ಔಷಧದ ವಿಷಯ ಹಿರಿಯರಿರುವ ಮನೆಗಳಿಗೆ ಗೊತ್ತಿರಬೇಕು. ಅಗತ್ಯ ಔಷಧಗಳ ಪಟ್ಟಿಯಲ್ಲಿರುವ ಮಾತ್ರೆಗಳಿಗೆ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಗರಿಷ್ಠ ಬೆಲೆಯನ್ನು ಗೊತ್ತುಮಾಡುತ್ತದೆ. ಪ್ರತಿ ಏಪ್ರಿಲ್‌ನಲ್ಲಿ ಸಗಟು ಬೆಲೆ ಸೂಚ್ಯಂಕ ಏರಿದಷ್ಟು ಮಾತ್ರ ಕಂಪನಿಗಳು ಬೆಲೆ ಏರಿಸಬಹುದು. 2022ರಲ್ಲಿ ಅದು ಶೇಕಡಾ 10.76, 2023ರಲ್ಲಿ 12.12 ಇತ್ತು, 2024ರಲ್ಲಿ ಇಲ್ಲವೆನ್ನುವಷ್ಟು, 2025ರಲ್ಲಿ 1.74. ಪಟ್ಟಿಯ ಹೊರಗಿನ ಔಷಧಗಳನ್ನು ವರ್ಷಕ್ಕೆ ಶೇಕಡಾ 10ರವರೆಗೆ ಏರಿಸಲು ಕಂಪನಿಗಳಿಗೆ ಯಾರ ಒಪ್ಪಿಗೆಯೂ ಬೇಡ. ಆದ್ದರಿಂದ ಸಕ್ಕರೆ ಕಾಯಿಲೆಗೆ, ರಕ್ತದೊತ್ತಡಕ್ಕೆ ವರ್ಷಾನುಗಟ್ಟಲೆ ಮಾತ್ರೆ ತೆಗೆದುಕೊಳ್ಳುವವರು ಅದೇ ಔಷಧ ಜನೌಷಧಿ ಕೇಂದ್ರದಲ್ಲಿ ಸಿಗುತ್ತದೆಯೇ ಎಂದು ವೈದ್ಯರಲ್ಲಿ ಒಮ್ಮೆ ಕೇಳುವುದು ಒಳ್ಳೆಯದು.

ಇನ್ನು ಕರೆಂಟು. ಎಲ್ಲಕ್ಕಿಂತ ಹೆಚ್ಚು ಗೊಂದಲವಿರುವುದು ಇಲ್ಲಿಯೇ. ನಮಗೆ ಕಾನೂನು ಎಲ್ಲಕ್ಕಿಂತ ಹೆಚ್ಚು ಅವಕಾಶ ಕೊಟ್ಟಿರುವುದೂ ಇಲ್ಲಿಯೇ.

ದರ ನಿರ್ಧರಿಸುವುದು ಮೆಸ್ಕಾಂ ಅಲ್ಲ, ಮಂತ್ರಿಗಳೂ ಅಲ್ಲ. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ (ಕೆಇಆರ್‌ಸಿ). 2025ರ ಮಾರ್ಚ್‌ನಲ್ಲಿ ಅದು ಮೂರು ವರ್ಷಗಳಿಗೆ ಒಟ್ಟಿಗೆ ದರ ಪ್ರಕಟಿಸಿತು. ಮನೆಬಳಕೆಯ ಯೂನಿಟ್ ದರ 5.90 ರೂಪಾಯಿಯಿಂದ 5.80ಕ್ಕೆ ಇಳಿಯಿತು. “ದರ ಇಳಿಕೆ” ಎಂದು ಕೇಳಿ ಸಂತೋಷಪಟ್ಟವರು ಮುಂದಿನ ಬಿಲ್ಲು ನೋಡಿ ಬೆಚ್ಚಿದರು. ಏಕೆಂದರೆ ಪ್ರತಿ ಕಿಲೋವಾಟಿನ ನಿಗದಿತ ಶುಲ್ಕ 120 ರೂಪಾಯಿಯಿಂದ 145ಕ್ಕೆ ಏರಿತ್ತು. ಜೊತೆಗೆ ಯೂನಿಟ್ಟಿಗೆ 36 ಪೈಸೆಯ ಹೊಸ ಸರ್ಚಾರ್ಜ್ ಸೇರಿತ್ತು.

ಈ 36 ಪೈಸೆ ವಿದ್ಯುತ್ ಪ್ರಸರಣ ನಿಗಮ ಮತ್ತು ಎಸ್ಕಾಂಗಳ ನೌಕರರ ಪಿಂಚಣಿ ಹಾಗೂ ಗ್ರಾಚ್ಯುಟಿಗೆ. ಹಿಂದಿನ ವಿದ್ಯುತ್ ಮಂಡಳಿಯನ್ನು ನಿಗಮವಾಗಿ, ಕಂಪನಿಗಳಾಗಿ ವಿಂಗಡಿಸಿದಾಗ ಸರ್ಕಾರ ಹೊರಬೇಕಿದ್ದ ಪಾಲು ಇದು. ಅದನ್ನು ಗ್ರಾಹಕರಿಂದ ವಸೂಲು ಮಾಡುವ ನಿರ್ಧಾರ ನ್ಯಾಯಾಲಯದ ಮೆಟ್ಟಿಲೇರಿ, ಕೊನೆಗೆ ನಮ್ಮ ಬಿಲ್ಲಿಗೆ ಬಂದಿದೆ. ಲೈನ್‌ಮನ್ ಆಗಿ ಮಳೆಯಲ್ಲಿ ಕಂಬ ಹತ್ತಿದವರಿಗೆ ಪಿಂಚಣಿ ಸಿಗಲೇಬೇಕು, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಸರ್ಕಾರದ ಹೊರೆಯನ್ನು ಮನೆಯ ಮೀಟರಿಗೆ ಕಟ್ಟುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಲೆಕ್ಕ ನೋಡಿ. ಮೂರು ಕಿಲೋವಾಟ್ ಸಂಪರ್ಕದ, ತಿಂಗಳಿಗೆ 250 ಯೂನಿಟ್ ಬಳಸುವ ಮನೆಗೆ ಹಿಂದೆ 1,835 ರೂಪಾಯಿ ಬರುತ್ತಿದ್ದರೆ 2025ರ ಹೊಸ ದರದಲ್ಲಿ 1,975 ಆಯಿತು. ತೆರಿಗೆ ಮತ್ತು ಇಂಧನ ಹೊಂದಾಣಿಕೆ ಬೇರೆ. ಒಂದು ಕಿಲೋವಾಟ್, 60 ಯೂನಿಟ್‌ನ ಸಣ್ಣ ಮನೆ ಗೃಹಜ್ಯೋತಿಯಲ್ಲಿ ಇಲ್ಲದಿದ್ದರೆ 474 ರೂಪಾಯಿ ಸುಮಾರು 515 ಆಯಿತು. ಮೊತ್ತ ಸಣ್ಣದು, ಆದರೆ ಪ್ರಮಾಣದಲ್ಲಿ ದೊಡ್ಡ ಮನೆಗಿಂತ ಸಣ್ಣ ಮನೆಗೇ ಹೆಚ್ಚು ಪೆಟ್ಟು. ನಿಗದಿತ ಶುಲ್ಕದ ಗುಣವೇ ಇದು: ಬಳಸಿದರೂ ಕೊಡಬೇಕು, ಬಳಸದಿದ್ದರೂ ಕೊಡಬೇಕು.

ಮಕ್ಕಳು ಗಲ್ಫಿನಲ್ಲೋ ಮುಂಬೈಯಲ್ಲೋ ಇದ್ದು, ಬೀಗ ಹಾಕಿದ ಮನೆಗಳು ನಮ್ಮ ಕರಾವಳಿಯಲ್ಲಿ ಎಷ್ಟಿಲ್ಲ? ಐದು ಕಿಲೋವಾಟ್ ಮಂಜೂರಾದ ಅಂಥ ಮನೆಗೆ ಒಂದು ದೀಪ ಹೊತ್ತಿಸದಿದ್ದರೂ ತಿಂಗಳಿಗೆ 600 ರೂಪಾಯಿ ಇದ್ದದ್ದು 2025ರಲ್ಲಿ 725 ಆಯಿತು. ಅಷ್ಟು ಲೋಡ್ ಬೇಡವೆಂದಾದರೆ ಮೆಸ್ಕಾಂಗೆ ಅರ್ಜಿ ಕೊಟ್ಟು ಇಳಿಸಿಕೊಳ್ಳಬಹುದು.

ಗೃಹಜ್ಯೋತಿಯ ಬಗ್ಗೆಯೂ ಒಂದು ಮಾತು. 2023ರಲ್ಲಿ ಬಂದ ಈ ಯೋಜನೆಯಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತವೆಂದು ಹಲವರು ತಿಳಿದಿದ್ದಾರೆ. ಪ್ರತಿ ಮನೆಯ ಉಚಿತ ಮಿತಿ ಆ ಮನೆಯ 2022-23ರ ಸರಾಸರಿ ಬಳಕೆ ಮತ್ತು ಅದರ ಮೇಲೆ ಸ್ವಲ್ಪ. 200 ಎಂಬುದು ಕೊನೆಯ ಗೆರೆ. ಆ ಗೆರೆ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಹಾಸಿಗೆ ಹಿಡಿದವರಿರುವ ಮನೆ ಹಗಲೂ ರಾತ್ರಿ ಫ್ಯಾನು ಓಡಿಸಿ 205 ಯೂನಿಟ್ ಮುಟ್ಟಿದರೆ ಐದು ಯೂನಿಟ್ಟಿನ ಹಣವಲ್ಲ, 205 ಯೂನಿಟ್ಟಿನ ಹಣ. ಮೇಲಿನ ದರ ಏರಿಕೆ ನಿಜವಾಗಿ ನೋಯಿಸುವುದು ಇಂಥವರನ್ನು.

ಕಾನೂನು ಕೊಟ್ಟಿರುವ ಅವಕಾಶಕ್ಕೆ ಬರೋಣ. 2003ರ ವಿದ್ಯುಚ್ಛಕ್ತಿ ಕಾಯ್ದೆಯಂತೆ ಎಸ್ಕಾಂಗಳು ದರ ಪರಿಷ್ಕರಣೆಗೆ ಆಯೋಗಕ್ಕೆ ಅರ್ಜಿ ಸಲ್ಲಿಸಬೇಕು, ಅದರ ಸಾರಾಂಶವನ್ನು ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಆಯೋಗ ಸಾರ್ವಜನಿಕರ ಸಲಹೆ, ಆಕ್ಷೇಪಣೆಗಳನ್ನು ಪರಿಗಣಿಸಿಯೇ ಆದೇಶ ಹೊರಡಿಸಬೇಕು. ಮೆಸ್ಕಾಂ ಅರ್ಜಿಯ ವಿಚಾರಣೆಗೆ ಆಯೋಗದವರು ಮಂಗಳೂರಿಗೇ ಬರುತ್ತಾರೆ. ಅಲ್ಲಿ ಕೈಗಾರಿಕೆಗಳವರು ಮಾತಾಡುತ್ತಾರೆ, ಐಸ್ ಪ್ಲಾಂಟಿನವರು, ಕೃಷಿಕರ ಸಂಘದವರು ಮಾತಾಡುತ್ತಾರೆ. ಮನೆಬಳಕೆದಾರರ ಕುರ್ಚಿಗಳು ಮಾತ್ರ ಬಹುಪಾಲು ಖಾಲಿ. ಆಕ್ಷೇಪಣೆ ಬಂದರೆ ಎಸ್ಕಾಂ ಅದಕ್ಕೆ ಲಿಖಿತ ಉತ್ತರ ಕೊಡಬೇಕಾಗುತ್ತದೆ, ಆಯೋಗದ ಆದೇಶದಲ್ಲಿ ಅದು ದಾಖಲಾಗುತ್ತದೆ. ಬಾರದಿದ್ದರೆ ಆದೇಶ ಓದುವವರಿಗೆ ಮನೆಗಳವರಿಗೆ ತೊಂದರೆಯೇ ಇಲ್ಲವೆಂದು ತೋರುತ್ತದೆ.

ಮೂರು ವರ್ಷಗಳ ದರವನ್ನು ಒಟ್ಟಿಗೆ ನಿಗದಿ ಮಾಡಿದ್ದರೂ ಹಿಂದಿನ ವರ್ಷದ ಖರ್ಚುವೆಚ್ಚದ ಪರಿಶೀಲನೆಗೆ ಎಸ್ಕಾಂಗಳು ಆಯೋಗದ ಮುಂದೆ ಬರುತ್ತಲೇ ಇರುತ್ತವೆ. ಅರ್ಜಿಗಳು ಸಾಮಾನ್ಯವಾಗಿ ನವೆಂಬರ್ ಕೊನೆಗೆ ಸಲ್ಲಿಕೆಯಾಗುತ್ತವೆ, ಪ್ರಕಟಣೆ ಅದರ ನಂತರದ ವಾರಗಳಲ್ಲಿ ಬರುತ್ತದೆ. ನಮ್ಮ ವಾರ್ಡುಗಳಲ್ಲಿ, ಸಂಘಗಳಲ್ಲಿ ಪತ್ರಿಕೆ ಓದುವ ಒಬ್ಬರು ಆ ಪ್ರಕಟಣೆಯನ್ನು ಕತ್ತರಿಸಿಟ್ಟುಕೊಂಡರೆ ಸಾಕು, ಉಳಿದ ಕೆಲಸ ಕಷ್ಟದ್ದಲ್ಲ. ಇಂಗ್ಲಿಷ್ ಬೇಕಿಲ್ಲ, ವಕೀಲರೂ ಬೇಕಿಲ್ಲ. ಮನೆಯ ಆರ್‌ಆರ್ ಸಂಖ್ಯೆ, ಕಳೆದ ಆರು ತಿಂಗಳ ಬಿಲ್ಲುಗಳ ಪ್ರತಿ, ಮನೆಯಲ್ಲಿ ಎಷ್ಟು ಜನ, ಬಿಲ್ಲು ಎಲ್ಲಿಂದ ಎಲ್ಲಿಗೆ ಏರಿತು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದು, ಪ್ರಕಟಣೆಯಲ್ಲಿ ಹೇಳಿದ ರೀತಿಯಲ್ಲಿ, ಹೇಳಿದ ದಿನಾಂಕದೊಳಗೆ ಆಯೋಗದ ಕಾರ್ಯದರ್ಶಿಗೆ ಕಳುಹಿಸಬೇಕು. ಒಂದು ಪ್ರತಿಯನ್ನು ಮೆಸ್ಕಾಂಗೂ ಕೊಡಬೇಕು. ವಿಚಾರಣೆಯ ದಿನ ಮಾತಾಡಲು ಇಷ್ಟವಿದೆಯೆಂದು ಅದರಲ್ಲೇ ಬರೆದಿದ್ದರೆ ಹೆಸರು ಕರೆಯುತ್ತಾರೆ.